ಅಡುಗೆಮನೆಯ ಹನ್ನೊಂದು ಬಾಗಿಲು

"ಇದು ಏಳನೇದಾ, ಒಂಬತ್ತನೇದಾ?" ಕಪಾಟಿನ ಬಾಗಿಲೊಂದನ್ನು ಎತ್ತಿ ಹಿಡಿದು ಅಪ್ಪ ಕೇಳಿದರು.

ಗಡಿಬಿಡಿ ಓಡಿ ಬಂದು ಬಾಗಿಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುವ ಈ ಹುಡುಗಿಗೆ ಮನೆಯವರೇ ಇಟ್ಟ ಹೆಸರು ಅದು.

ಅಡುಗೆಮನೆಯ ಕಪಾಟುಗಳು ಅಜ್ಜಿಯ ಕಾಲದವು. ಹೊಗೆ, ಎಣ್ಣೆ ಕುಡಿದು ಕಪ್ಪಾಗಿದ್ದವು. ಹೊಸದು ಮಾಡಿಸುವಷ್ಟು ಹಣ ಅಪ್ಪನ ಕೈಯಲ್ಲಿರಲಿಲ್ಲ. ಮರ ಗಟ್ಟಿಯಾಗಿದೆ, ಬಣ್ಣ ಹೊಡೆದರೆ ಸಾಕು ಎಂದು ಬಡಗಿ ಹೇಳಿದ್ದೇ ತಡ, ಎಲ್ಲರೂ ಕೆಲಸಕ್ಕಿಳಿದರು. ಮಗಳ ಮನೆಗೆ ಹೋಗಿದ್ದ ಅಜ್ಜಿ ಭಾನುವಾರ ಸಂಜೆ ಬರುವಷ್ಟರಲ್ಲಿ ಅಡುಗೆಮನೆ ಫಳಫಳ ಹೊಳೆಯಬೇಕು. ದೊಡ್ಡ ಸರ್‌ಪ್ರೈಸ್!

ಬಿಚ್ಚಿದ ಬಾಗಿಲುಗಳಿಗೆ ನಂಬರ್ ಹಾಕುವ ಕೆಲಸ ಗಡಿಬಿಡಿಯದು. ಒಂದರಿಂದ ಹನ್ನೊಂದರವರೆಗೆ ದಪ್ಪಗೆ ಬರೆದಳು. ಬರೆದದ್ದು ಮಾತ್ರ ಒಳಮೈಯಲ್ಲಲ್ಲ, ಮುಂದಿನ ಮೈಯಲ್ಲಿ. ಆಮೇಲೆ ತಾನೇ ಬ್ರಷ್ ಹಿಡಿದು, ಹಾಡು ಗುನುಗುತ್ತಾ ಎಲ್ಲದರ ಮೇಲೂ ಹಳದಿ ಬಳಿದಿದ್ದಳು.

"ಅಪ್ಪಾ, ನಂಬರ್ ಮೇಲೇ ಬಣ್ಣ ಹೊಡೆದ್ಬಿಟ್ಟೆ."

ಅಪ್ಪ ಕೈಚೆಲ್ಲಿ ಕೂತರು. ನೋಡಲು ಎಲ್ಲ ಬಾಗಿಲೂ ಒಂದೇ ಥರ. ಕೂರಿಸಲು ಹೋದರೆ ಒಂದು ಮುಚ್ಚುವುದಿಲ್ಲ, ಇನ್ನೊಂದು ಪಕ್ಕದ್ದಕ್ಕೆ ಡಿಕ್ಕಿ ಹೊಡೆಯುತ್ತದೆ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಅಜ್ಜಿ ಒಂದು ಗಂಟೆ ಮೊದಲೇ ಬಂದುಬಿಟ್ಟಿದ್ದರು! ಗಡಿಬಿಡಿಗೆ ಅಳು ಉಕ್ಕಿ ಬಂತು. ನಿನ್ನ ಅಡುಗೆಮನೆ ಕೆಡಿಸಿಬಿಟ್ಟೆ ಎಂದು ನಡೆದದ್ದನ್ನೆಲ್ಲ ಒಪ್ಪಿಸಿದಳು.

ಅಜ್ಜಿ ಬೈಯಲಿಲ್ಲ. ಕೈಚೀಲ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತು, ಒಂದೊಂದೇ ಬಾಗಿಲಿನ ಅಂಚು ಸವರತೊಡಗಿದರು.

"ಇದು ಸಿಂಕ್ ಕೆಳಗಿಂದು. ನೀರು ಕುಡಿದು ಉಬ್ಬಿದೆ. ಇದು ಪಾತ್ರೆ ಕಪಾಟಿಂದು. ಮುಚ್ತಾ ಇರ್ಲಿಲ್ಲ ಅಂತ ನಿಮ್ಮ ತಾತ ಒಂಚೂರು ಹೆರೆದಿದ್ರು."

ಗಡಿಬಿಡಿ ಚಂಗನೆ ಎದ್ದಳು. ಅಜ್ಜಿ ಹೇಳುವುದು, ಅವಳು ಹೊತ್ತೊಯ್ಯುವುದು, ಅಪ್ಪ ಸ್ಕ್ರೂ ತಿರುಗಿಸುವುದು. ಹನ್ನೊಂದೂ ತಮ್ಮ ಜಾಗದಲ್ಲಿ ಕೂತವು. ಎಲ್ಲವನ್ನೂ ಟಪ್ ಟಪ್ ಎಂದು ತೆಗೆದು ಮುಚ್ಚಿ ನೋಡಿದಳು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇನ್ನು ಹೊಸ ಹಿಡಿಗಳನ್ನು ಹಾಕುವುದಷ್ಟೇ ಬಾಕಿ. ಹಳೆಯ ಹಿಡಿಗಳ ತೂತುಗಳನ್ನು ಅಮ್ಮ ಮುಚ್ಚಿಯಾಗಿತ್ತು. ಹಿಡಿ ನಡುವೆ ಇದ್ದರೆ ಚೆಂದ ಎಂದು ಅಮ್ಮ ಹೇಳಿದರು. ಅಪ್ಪ ಮೇಲಿನ ಕಪಾಟಿನ ಬಾಗಿಲಿನ ನಡುವೆ ಗುರುತು ಹಾಕಿ ಡ್ರಿಲ್ ಎತ್ತಿದರು.

ಗಡಿಬಿಡಿ ಅಜ್ಜಿಯ ಕಡೆ ನೋಡಿದಳು. ಹಿಡಿ ಎಲ್ಲಿರಲಿ ಅಂತ ಯಾರೂ ಅವರನ್ನು ಕೇಳಲಿಲ್ಲ. ಬಣ್ಣ ಯಾವುದಿರಲಿ ಅಂತಲೂ ಕೇಳಿರಲಿಲ್ಲ.

"ಅಪ್ಪಾ, ಒಂದ್ನಿಮಿಷ. ಅಜ್ಜಿ, ಬಾ ಇಲ್ಲಿ. ಈ ಬಾಗಿಲು ತೆಗಿಯೋಕೆ ಕೈ ಚಾಚು, ನೋಡೋಣ."

ಅಜ್ಜಿ ನಗುತ್ತಾ ಬಂದು ಕೈ ಚಾಚಿದರು. ಈಚೆಗೆ ಅವರ ಬೆನ್ನು ಬಾಗಿತ್ತು. ಕೈ ಹೋಗಿ ನಿಂತದ್ದು ಅಪ್ಪನ ಗುರುತಿಗಿಂತ ಒಂದು ಗೇಣು ಕೆಳಗೆ.

ಗಡಿಬಿಡಿ ಅಲ್ಲೇ ಪೆನ್ಸಿಲಿನಿಂದ ಚುಕ್ಕೆ ಇಟ್ಟಳು. ಆಮೇಲೆ ಅಜ್ಜಿಯ ಕೈ ಹಿಡಿದು ಪಕ್ಕದ ಬಾಗಿಲಿನ ಮುಂದೆ ನಿಲ್ಲಿಸಿದಳು.