ಎರಕಕ್ಕೆ ಒಗ್ಗದ ಕೂಸು

ಎರಕ ಎಂಬ ಯಂತ್ರ ಕೆಲಸ ಮಾಡುವುದನ್ನು ನೋಡಲು ಬಂದವರಿಗೆ ನೋಡಲು ಏನೂ ಸಿಗುತ್ತಿರಲಿಲ್ಲ. ಒಂದು ಕಡೆಯಿಂದ ಮಾಹಿತಿಯ ನಮೂನೆಗಳನ್ನು, ಅಂದರೆ ಜನರ ಕೆಲವು ನಿಜ ದಾಖಲೆಗಳನ್ನು ಕೊಟ್ಟರೆ, ಬಂದವರ ಚಹಾ ಆರುವುದರೊಳಗೆ ಇನ್ನೊಂದು ಕಡೆಯಿಂದ ಸಿದ್ಧ ಪ್ರೋಗ್ರಾಮು ಹೊರಬರುತ್ತಿತ್ತು. ೨೦೬೧ರಲ್ಲಿ ರಾಜ್ಯದ ಅರ್ಧ ಕಚೇರಿಗಳು ಹಾಗೆ ಹುಟ್ಟಿದ ಪ್ರೋಗ್ರಾಮುಗಳ ಮೇಲೇ ನಡೆಯುತ್ತಿದ್ದವು.

ಅದನ್ನು ಕಂಡುಹಿಡಿದ ಡಾ. ಸುಗಲಾ ಮೆಣಸಿನಕಾಯಿ ಬಂದವರಿಗೆಲ್ಲ ಬೆಲ್ಲದ ಅಚ್ಚನ್ನು ಕೈಯಲ್ಲಿ ಹಿಡಿದೇ ವಿವರಿಸುತ್ತಿದ್ದಳು. ಪ್ರೋಗ್ರಾಮು ಬರೆಯುವವರು ‘ಕ್ಲಾಸ್’ ಎನ್ನುವುದು ಇಂಥದೇ ಒಂದು ಅಚ್ಚು. ಅದರಲ್ಲಿ ಯಾವ್ಯಾವ ಮನೆಗಳು, ಅಂದರೆ ತುಂಬುವ ಖಾನೆಗಳು ಇರಬೇಕು, ಯಾವ ಮನೆಯಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ, ಎಲ್ಲಿ ಒಂದೇ ವಸ್ತು, ಎಲ್ಲಿ ಹಲವು, ಇದೆಲ್ಲ ಮೊದಲೇ ಗೊತ್ತಾಗಬೇಕು. ಹಿಂದೆ ಮನುಷ್ಯರು ತಲೆ ಕೆಡಿಸಿಕೊಂಡು ಮಾಡುತ್ತಿದ್ದ ಈ ಕೆಲಸವನ್ನು ಎರಕ ನಮೂನೆ ನೋಡಿಯೇ ಮಾಡುತ್ತಿತ್ತು. ಅಚ್ಚಿಗೆ ಹೊಂದದ್ದನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಒಮ್ಮೆ ಅಚ್ಚು ಸಿದ್ಧವಾದರೆ ಮನುಷ್ಯರ ಕೈ ಅದಕ್ಕೆ ಸೋಕಕೂಡದು, ತಿದ್ದುವುದಿದ್ದರೆ ಹೊಸ ನಮೂನೆಯಿಂದಲೇ ತಿದ್ದಬೇಕು ಎಂದು ಹಟ ಹಿಡಿದು ನಿಯಮ ಮಾಡಿಸಿದವಳೂ ಅವಳೇ. ಲಂಚ, ಉದಾಸೀನ, ಕೈತಪ್ಪು ಎಲ್ಲಕ್ಕೂ ಇದೇ ಮದ್ದು ಎಂದು ಅವಳು ಮನಸಾರೆ ನಂಬಿದ್ದಳು.

ತಂಗಿ ದಾಕ್ಷಾಯಣಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಸುಗಲಾ ವಿಜಯಪುರದ ಆಸ್ಪತ್ರೆ ಮುಟ್ಟುವಾಗ ಬಾಗಿಲಲ್ಲೇ ದಾದಿ ಜುಬೇದಾ ಕಾಯುತ್ತಿದ್ದಳು.

“ಅವಳಿ ಹೆಣ್ಣು ಕೂಸು, ಮೇಡಂ. ಒಂದನ್ನ ತಗೊಂಡದ, ಇನ್ನೊಂದನ್ನ ತಗೊಳವಲ್ದು.”

“ಯಾವುದು ತಗೊಳವಲ್ದು?”

“ನಿಮ್ಮ ಮಶೀನು.”

ಬಿಸಿ ತೊಟ್ಟಿಲು, ಉಸಿರಿನ ನಳಿಕೆ, ಔಷಧ ಎಲ್ಲವೂ ಎರಕದ ಅಚ್ಚಿನಲ್ಲಿ ದಾಖಲಾದ ಕೂಸಿಗೆ ಮಾತ್ರ ತೆರೆದುಕೊಳ್ಳುತ್ತಿದ್ದವು. ತಾಯಿ ಎಂಬ ಮನೆಯ ಪಕ್ಕದಲ್ಲಿ ಮಗು ಎಂಬ ಮನೆ ಇತ್ತು, ಒಂದೇ ಇತ್ತು. ಜುಬೇದಾ ಎರಡೂ ಕೂಸುಗಳನ್ನು ಒಂದೇ ತೊಟ್ಟಿಲಲ್ಲಿ ಮಲಗಿಸಿ ನೋಡಿದ್ದಳು. ತೂಕ ತಾಳೆಯಾಗದೆ ತೊಟ್ಟಿಲು ಕಾವನ್ನೇ ನಿಲ್ಲಿಸಿತ್ತು. ಈಗ ಚಿಕ್ಕದು ತಾಯಿಯ ಎದೆಯ ಮೇಲಿತ್ತು. ಅದರ ತುಟಿ ನೀಲಿಗಟ್ಟುತ್ತಿತ್ತು.

ಅಚ್ಚಿನ ನಮೂನೆಗಳನ್ನು ಇದೇ ಜಿಲ್ಲೆಯ ಲಸಿಕೆ ಶಿಬಿರಗಳಿಂದ ಸುಗಲಾ ತಾನೇ ಆರಿಸಿದ್ದಳು. “ಅಷ್ಟು ಮಂದಿ ತಾಯಂದಿರು ಬಂದಿದ್ರು, ಒಬ್ಬಾಕಿಗೂ ಅವಳಿ ಇರ್ಲಿಲ್ಲೇನು?” ಎಂದಳು.

ಮೂಲೆಯಲ್ಲಿ ಕುಳಿತಿದ್ದ ಅವ್ವ ಮಗಳ ಮುಖವನ್ನೇ ನೋಡಿದಳು. “ಅವಳಿ ಕೂಸುಗಳ್ನ ಜೋಡಿಲೆ ಮಂದ್ಯಾಗ ಯಾರ್ ಒಯ್ತಾರವ್ವಾ? ದೃಷ್ಟಿ ಆಗ್ತದಂತ ಒಂದನ್ನ ಮನ್ಯಾಗ ಬಿಟ್ಟು ಬರ್ತಾರ. ಅದರ ಸೂಜಿಗಿ ಮತ್ತೊಂದ್ ದಿನ ಅತ್ತಿನೋ ನಾದಿನಿನೋ ಒಯ್ತಾರ. ಇಷ್ಟೂ ಗೊತ್ತಿಲ್ಲೇನು ನಿನಗ?”

ಗೊತ್ತಿತ್ತು. ಈ ಊರಲ್ಲೇ ಹುಟ್ಟಿ ಬೆಳೆದವಳಿಗೆ ಗೊತ್ತಿಲ್ಲದೆ ಏನು? ನಮೂನೆ ಆರಿಸುವಾಗ ಮಾತ್ರ ಅದು ನೆನಪಾಗಿರಲಿಲ್ಲ.

“ಈಗ ತಿದ್ದು, ಅಕ್ಕಾ,” ಎಂದಳು ದಾಕ್ಷಾಯಣಿ. ಅವಳ ದನಿ ಕೇಳಿಸುವಂತೆಯೂ ಇರಲಿಲ್ಲ.

ತಾನೇ ಮಾಡಿಸಿದ ನಿಯಮದಿಂದಾಗಿ ತಿದ್ದಲು ಬರುವಂತಿರಲಿಲ್ಲ. ಹೊಸ ನಮೂನೆ ಉಣಿಸುವುದು ವರ್ಷದ ಕೊನೆಗೆ ಒಂದು ಸಲ ಮಾತ್ರ. ಸುಗಲಾ ಜುಬೇದಾಳ ಕಡೆ ತಿರುಗಿ, “ತಾಯಿ ಅಂತ ನನ್ನ ಹೆಸರು ಹಾಕ್ರಿ,” ಎಂದಳು.

ಮದುವೆಯಾಗದ, ಬಸಿರಾಗದ ಹೆಂಗಸನ್ನು ಯಂತ್ರ ಒಂದು ಮಾತೂ ಕೇಳದೆ ಒಪ್ಪಿತು. ಒಬ್ಬ ತಾಯಿ, ಒಂದು ಮಗು, ಅದಕ್ಕೆ ಅಷ್ಟು ಸಾಕಿತ್ತು. ತೊಟ್ಟಿಲು ಬೆಚ್ಚಗಾಯಿತು, ಕೂಸು ಉಳಿಯಿತು. ಸುಗಲಾ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು.

ವರ್ಷ ಮುಗಿದಾಗ ಬೆಂಗಳೂರಿನಲ್ಲಿ ಆರೋಗ್ಯ ಇಲಾಖೆಯ ಸಭೆ ಸೇರಿತು. ಹೊಸ ನಮೂನೆಗಳನ್ನು ಎರಕ ತಾನು ಒಪ್ಪಿದ ಮಾಹಿತಿಯಿಂದಲೇ ಆರಿಸಿಕೊಂಡಿತ್ತು. ರಾಜ್ಯದಲ್ಲಿ ಆ ವರ್ಷ ಒಂದೂ ಅವಳಿ ಹೆರಿಗೆಯಾಗಿಲ್ಲ ಎಂದು ವರದಿ ಹೇಳಿತು. ಕಾರ್ಯದರ್ಶಿಗೆ ಅದು ಬರೀ ಕುತೂಹಲದ ಸಂಗತಿ. “ಆಹಾರದಿಂದ ಹೀಗಾಗಿರಬಹುದಾ ಡಾಕ್ಟ್ರೇ?” ಎಂದು ಕೇಳಿದರು.

“ಹುಟ್ಟಿವೆ ಸಾರ್. ಅಚ್ಚಿನಲ್ಲಿ ಎರಡನೆಯದಕ್ಕೆ ಜಾಗ ಇಲ್ಲ.”

“ಹಾಗಿದ್ರೆ ಒಂದನ್ನಾದ್ರೂ ತೋರಿಸಿ, ನಮೂನೆಗೆ ಸೇರಿಸೋಣ.”

ಸುಗಲಾ ತಂಗಿಯ ಮಗಳ ಸಂಗತಿ ಹೇಳಿದಳು. ಅವರು ಪರದೆ ನೋಡಿ ಹುಬ್ಬೇರಿಸಿದರು. “ಇದು ನಿಮ್ಮದೇ ಮಗು ಅಂತಿದೆಯಲ್ಲ. ನಿಮ್ಮ ತಂಗಿಗೆ ಇರೋದು ಒಂದೇ.” ಆಮೇಲೆ ಅವರು ಮುಂದಿನ ವಿಷಯಕ್ಕೆ ಹೋದರು.

ಊರಿಗೆ ಮರಳಿದಾಗ ದಾಕ್ಷಾಯಣಿ ಎರಡೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಡೆದದ್ದನ್ನು ಕೇಳಿ ಚಿಕ್ಕದನ್ನು ಎದೆಗೊತ್ತಿಕೊಂಡಳು. “ನನಗ ನೀ ಇದ್ದಿ, ಅಕ್ಕಾ. ಹೆಸರು ಕೊಡ್ಲಾಕ ಯಾರೂ ಇಲ್ಲದಾಕಿ ಏನ್ ಮಾಡಿರಬೇಕು?”

ಅದನ್ನು ತಿಳಿಯುವ ದಾರಿ ಎಲ್ಲಿಯೂ ಇರಲಿಲ್ಲ. ದಾಖಲೆಯ ಒಳಗೇ ಬಾರದ ಕೂಸಿನ ಸಾವನ್ನು ಬರೆದಿಡುವ ಮನೆಯೂ ಆ ಅಚ್ಚಿನಲ್ಲಿ ಇರಲಿಲ್ಲ.

ಇದನ್ನು ಓದುತ್ತಿರುವ ನಮ್ಮ ಕಾಲದಲ್ಲಿ ಎರಕ ಇನ್ನೂ ಹುಟ್ಟಿಲ್ಲ. ಅದಕ್ಕೆ ಉಣಿಸುವ ನಮೂನೆಗಳನ್ನು ಮಾತ್ರ ನಾವು ಈಗಲೇ ದಿನಾ ಬರೆಸುತ್ತಿದ್ದೇವೆ. ಕೌಂಟರಿನ ಆಚೆ ಕುಳಿತವರು “ಇದರಲ್ಲಿ ಒಂದೇ ಹಾಕೋಕೆ ಬರೋದು” ಎಂದಾಗ, ಹಿಂದೆ ನಿಂತವರಿಗೆ ತಡವಾಗದಿರಲಿ ಎಂದು ಎರಡಿದ್ದರೂ ಒಂದನ್ನೇ ಬರೆಸಿ ಮನೆಗೆ ಬರುತ್ತಿದ್ದೇವೆ.