ಹೆಚ್ಚು ನೀರು ಕುಡಿದ ಶೇಂಗಾ

ವನಿತಾ ಸಿಲಿಂಡರಿನ ವಾಲ್ವು ತಿರುಗಿಸಿದಳು. ಸದ್ದಿಲ್ಲ. ಎರಡನೆಯದು— ಅದೂ ಮೌನ. ಆರೂ ಖಾಲಿ!

ಕುರ್ತಕೋಟಿಯ ಎರೆಹೊಲದಲ್ಲಿ ಪ್ಲಾಸ್ಟಿಕ್ ಗೋಡೆಯ, ಮೇಲ್ಛಾವಣಿ ಇಲ್ಲದ ಎರಡು ದುಂಡು ಮನೆಗಳು. ಎರಡರಲ್ಲೂ ಶೇಂಗಾ. ಒಂದಕ್ಕೆ ಊರ ಗಾಳಿ. ಇನ್ನೊಂದಕ್ಕೆ ಮೊಮ್ಮಕ್ಕಳ ಕಾಲದ ಗಾಳಿ, ಅಂದರೆ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್. ಬೆಳೆ ಎಷ್ಟು ಬೆಳೆಯುತ್ತದೆ, ಎಷ್ಟು ನೀರು ಕುಡಿಯುತ್ತದೆ? ಅದು ವಿಜ್ಞಾನಿ ವನಿತಾಳ ಮೂರು ತಿಂಗಳ ಪ್ರಯೋಗ.

ಸಹಾಯಕ ಭೀಮೇಶ ಕೂಡಲೇ ಕಾವಲುಗಾರ ಯಮನೂರಪ್ಪನತ್ತ ಕೈ ತೋರಿಸಿದ. ನಿನ್ನೆ ಸಂಜೆ ಆರೂ ತುಂಬಿದ್ದವು, ದಿನವಹಿಯಲ್ಲಿ ಬರೆದಿದ್ದೇನೆ, ಕೀಲಿಕೈ ಇದ್ದದ್ದು ಇವನ ಹತ್ತಿರ ಎಂದ. ಎಂಟು ದಿನದ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ಮುದುಕ ಕೀಲಿಕೈ ತೆಗೆದು ವನಿತಾಳ ಮುಂದೆ ಹಿಡಿದ. ಠಾಣೆಗೆ ಫೋನು ಮಾಡಿದವಳು ವನಿತಾಳೇ.

ಸಬ್ ಇನ್ಸ್‌ಪೆಕ್ಟರ್ ಸುಶ್ಮಿತಾ ಬೆಳ್ಳಟ್ಟಿಯ ಒಕ್ಕಲು ಮನೆತನದವಳು. ಸಿಲಿಂಡರುಗಳನ್ನು ಬಿಟ್ಟು ಕಳೆ ಕೀಳುತ್ತಿದ್ದ ಕಳಕವ್ವನ ಪಕ್ಕ ಹೋಗಿ ಕುಕ್ಕರಿಸಿದಳು. ಆಯಿತು, ಇನ್ನು ಹರಟೆ ಶುರು ಎಂದುಕೊಂಡಳು ವನಿತಾ.

"ನೀರು ಯಾವಾಗ ಬಿಡತಿ, ಯವ್ವಾ?"

"ಮಣ್ಣಾಗ ಬೆರಳ ಊರಿ ನೋಡತೀನ್ರಿ. ಹಸಿ ಇಲ್ಲಂದ್ರ ಬಿಡತೀನಿ."

"ಎರಡೂ ಮನಿಗೆ ಒಂದ ದಿನಾನ?"

"ಮದಲ ಹಂಗಿರಲಿಲ್ರಿ. ಊರ ಗಾಳೀದು ನಾಕ ದಿನಕ್ಕ ಒಣಗತಿತ್ತು, ಗ್ಯಾಸಿಂದು ಆರ ದಿನ ತಡೀತಿತ್ತು. ಈಗೊಂದು ತಿಂಗಳಾತು, ಎರಡೂ ನಾಕಕ್ಕ ಒಣಗತಾವ. ಅಕ್ಕಾರಿಗೆ ಹೇಳಿದ್ನಿ. ನೀರು ದಂಡ ಮಾಡಬ್ಯಾಡ ಅಂತ ಬೈದ್ರು."

ವನಿತಾ ದಿನವಹಿ ತೆರೆದಳು. ಬೈದದ್ದಷ್ಟೇ ಅಲ್ಲ— 'ಕೂಲಿಯವರ ಅಜಾಗರೂಕತೆ' ಎಂದು ಟಿಪ್ಪಣಿಯನ್ನೂ ಬರೆದಿದ್ದಳು, ಅದೂ ಕೆಂಪು ಶಾಯಿಯಲ್ಲಿ.

"ಮೇಡಂ, ಈ ಗಾಳಿ ಹೆಚ್ಚಾದ್ರ ಎಲಿ ಏನ ಮಾಡತೈತ್ರಿ?" ಸುಶ್ಮಿತಾ ವನಿತಾಳತ್ತ ತಿರುಗಿದಳು.

"ಎಲಿ ರಂಧ್ರ ಅರ್ಧ ಮುಚ್ಚತಾವ. ನೀರು ಕಡಿಮಿ ಹೋಗತೈತಿ. ಮಣ್ಣಾಗ ಹಸಿ ಉಳೀತೈತಿ."

"ಉಳೀಲಿಲ್ಲಂದ್ರ?"

ವನಿತಾ ಖಾಲಿ ಸಿಲಿಂಡರುಗಳತ್ತ ನೋಡಿದಳು. "ಗ್ಯಾಸ್... ತಿಂಗಳಿಂದ ಗ್ಯಾಸ ಹೋಗಿಲ್ಲ."

ಸುಶ್ಮಿತಾ ಎದ್ದು ಪ್ಯಾಂಟಿಗಂಟಿದ ಮಣ್ಣು ಕೊಡವಿದಳು. "ಈ ಯಜಮಾನ್ರು ಕಾವಲಿಗೆ ಬಂದು ಎಂಟ ದಿನ. ಕಳವು ತಿಂಗಳದ್ದು. ಬಿಡದ ಗ್ಯಾಸು ಬಿಟ್ಟೇನಂತ ದಿನಾ ಬರದಾಂವ ಯಾರು, ಭೀಮೇಶ?"

ಭೀಮೇಶ ಎಲ್ಲ ಒಪ್ಪಿಕೊಂಡ. ತುಂಬಿದ ಸಿಲಿಂಡರುಗಳು ದಾರಿಯಲ್ಲೇ ಲಕ್ಷ್ಮೇಶ್ವರದ ಒಂದು ಸೋಡಾ ಅಂಗಡಿಗೆ ಇಳಿಯುತ್ತಿದ್ದವು. ಇಲ್ಲಿಗೆ ಬರುತ್ತಿದ್ದದ್ದು ಖಾಲಿ. ಮೊಮ್ಮಕ್ಕಳ ಕಾಲದ ಗಾಳಿಯನ್ನು ಲಕ್ಷ್ಮೇಶ್ವರದವರು ಆಗಲೇ ತೇಗಿ ಮುಗಿಸಿದ್ದರು.

ವನಿತಾ ಯಮನೂರಪ್ಪನ ಮುಂದೆ ನಿಂತು ಕೈ ಮುಗಿದು ಕ್ಷಮೆ ಕೇಳಿದಳು.

"ಹಂಗಾರ ನಾ ಹೋಗ್ಲ್ಯಾ?" ಎಂದ ಮುದುಕ.

"ಎಲ್ಲಿಗ್ರಿ?"

"ಗೇಟಿಗ್ರಿ. ತೆರದ ಬಿಟ್ಟು ಬಂದೇನಿ."