ಲಾಯರಮ್ಮನ ಕೌಂಟರ್

ಅವಳು ನನ್ನನ್ನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ನಾನು ಅವಳಿಂದ ಮೊದಲು ಕೇಳಿಸಿಕೊಂಡಿದ್ದು ಬೈಗುಳ.

ಬೇರೆ ದೇಶಗಳಲ್ಲಿ ಫಾರ್ಮಸಿ ಓದಿ ಈ ಪರದೇಶಕ್ಕೆ ಬಂದ ನನ್ನಂಥವರಿಗೆಂದೇ ನಡೆಯುತ್ತಿದ್ದ ಕೋಚಿಂಗ್ ಕ್ಲಾಸ್ ಅದು. ಔಷಧಿಯ ವಿಷಯವೆಲ್ಲ ನಮಗೆ ನೀರು ಕುಡಿದಷ್ಟು ಸಲೀಸು. ಜೀವ ತಿನ್ನುತ್ತಿದ್ದದ್ದು ಕಾನೂನಿನ ಪೇಪರ್. ಅದು ಪಾಸಾಗದೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದೆ ಕೌಂಟರ್ ಹಿಂದೆ ನಿಲ್ಲುವಂತಿಲ್ಲ. ಅಲ್ಲಿಯತನಕ ನಾನು ಔಷಧಿ ಅಂಗಡಿಯಲ್ಲೇ ಇದ್ದರೂ ಶಾಂಪೂ ಬಾಟಲಿ ಜೋಡಿಸುವವನು ಮಾತ್ರ.

ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು. ಪರಿಚಯದ ಮುದುಕರೊಬ್ಬರು ಬಂದು, ನಿದ್ರೆ ಮಾತ್ರೆ ಮುಗಿದಿದೆ, ಚೀಟಿ ಇಲ್ಲ, ಡಾಕ್ಟರು ಊರಲ್ಲಿಲ್ಲ ಅನ್ನುತ್ತಾರೆ. ಏನು ಮಾಡುತ್ತೀರಿ? ನಾನು ಕೈ ಎತ್ತಿ, ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತೇನೆ, ಎಕ್ಸ್‌ಪೈರಿ ಡೇಟ್ ಇರುವ ತುದಿಯನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೆ. ಊರಲ್ಲಿ ನಮ್ಮ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ಕತ್ತರಿ ಹಿಡಿದವನ ಹೆಮ್ಮೆ ದನಿಯಲ್ಲಿತ್ತು. ಕ್ಲಾಸು ಗೊಳ್ಳೆಂದು ನಕ್ಕಿತು.

“ಇವರು ಪಾಸಾದ ದಿನವೇ ಅಂಗಡಿಗೆ ಬೀಗ ಬೀಳತ್ತೆ,” ಎಂದು ಹಿಂದಿನ ಬೆಂಚಿನಿಂದ ಯಾರೋ ಗೊಣಗಿದರು. ಅಚ್ಚ ಕನ್ನಡದಲ್ಲಿ.

ತಿರುಗಿ ನೋಡಿದೆ. ಕಿವಿಗೆ ಪೆನ್ನು ಸಿಕ್ಕಿಸಿಕೊಂಡವಳೊಬ್ಬಳು.

“ಬೀಗದಕೈ ನಿಮ್ಮ ಹತ್ರಾನೇ ಇರಲಿ,” ಎಂದೆ.

ಅವಳು ನಾಲಿಗೆ ಕಚ್ಚಿಕೊಂಡು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಅದರ ಮೇಲಂಚಿನಲ್ಲಿ ಕಾಣುತ್ತಿದ್ದ ಕಣ್ಣೆರಡೂ ನಗುತ್ತಿದ್ದವು. ಅಂದಿನಿಂದ ನಾನು ಅವಳ ಪಾಲಿಗೆ ಕತ್ತರಿ ಸಾಹೇಬ್ರು, ಅವಳು ನನ್ನ ಪಾಲಿಗೆ ಲಾಯರಮ್ಮ.

ಜೊತೆಗೆ ಓದೋಣ ಎಂದು ಲೈಬ್ರರಿಯಲ್ಲಿ ಕೂತೆವು. ನಗು ತಡೆಯಲಾಗದೆ ಅಲ್ಲಿಂದ ಹೊರಗೆ ಹಾಕಿಸಿಕೊಂಡೆವು. ಕೊನೆಗೆ ದಕ್ಕಿದ್ದು, ಕಾಸು ಹಾಕಿ ನಮ್ಮ ಬಟ್ಟೆ ನಾವೇ ಒಗೆದುಕೊಳ್ಳುವ ಬೀದಿ ಮೂಲೆಯ ಲಾಂಡ್ರಿ. ಬೆಚ್ಚಗಿನ ಗಾಳಿ, ಸೋಪಿನ ವಾಸನೆ, ಗುಡುಗುಡು ತಿರುಗುವ ಮೆಷಿನ್ನುಗಳ ನಡುವೆ ಒಂದು ಬೆಂಚು. ಆದರೆ ಒಗೆಯಲು ಬಟ್ಟೆ ತರದವರು ಕೂರಬಾರದೆಂದು ಗೋಡೆಯ ಮೇಲೆ ಬೋರ್ಡಿತ್ತು. ನಾನು ಇದ್ದದ್ದು ಅಕ್ಕನ ಮನೆಯಲ್ಲಿ, ಅಲ್ಲಿ ವಾಷಿಂಗ್ ಮೆಷಿನ್ ಬೇರೆ ಇತ್ತು. ಒಗೆದು ಮಡಚಿಟ್ಟ ಬಟ್ಟೆಯನ್ನೇ ಚೀಲಕ್ಕೆ ತುಂಬಿಕೊಂಡು ಹೊರಡುತ್ತಿದ್ದೆ. ಅಕ್ಕ ಒಂದು ದಿನ ಬಾಗಿಲಿಗೆ ಅಡ್ಡ ನಿಂತು, ಈ ಅಂಗಿಗಳೆಲ್ಲ ಸವೆದು ಜರಡಿಯಾಗುವ ಮೊದಲು ಆ ಹುಡುಗಿಗೆ ವಿಷಯ ಹೇಳಿಬಿಡು ಅಂದಳು. ಯಾವ ಹುಡುಗಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಲಾಯರಮ್ಮ ತರುತ್ತಿದ್ದದ್ದು ಒಂದೇ ಒಂದು ಟವೆಲ್. ಪಾಪ, ಆ ಟವೆಲ್ ಮಾಡಿದ ತಪ್ಪೇನು ಎಂದು ಕೇಳಿದರೆ, ನಿಮ್ಮ ಅಂಗಿಗಳು ಮಾಡಿದ್ದನ್ನೇ ಮಾಡಿದೆ ಎನ್ನುತ್ತಿದ್ದಳು.

ಬಟ್ಟೆ ಮಡಚುವ ಮೇಜೇ ನಮ್ಮ ಕೌಂಟರ್. ಆಚೆ ನಿಂತು ಅವಳು ಗಿರಾಕಿಯಾಗುತ್ತಿದ್ದಳು. ಒಮ್ಮೆ ಕೆಮ್ಮುವ ಅಜ್ಜ, ಒಮ್ಮೆ ಮಗುವಿಗೆ ಜ್ವರವೆಂದು ಗೋಗರೆಯುವ ತಾಯಿ, ಒಮ್ಮೆ ನಯವಾಗಿ ಮಾತಾಡಿ ಟೋಪಿ ಹಾಕುವ ಮಹಾರಾಯ. ಅವಳ ದನಿ ಒಂದಿಷ್ಟು ನಡುಗಿದರೆ ಸಾಕು, ನನ್ನ ಬೆರಳುಗಳು ಗಾಳಿಯಲ್ಲೇ ಸ್ಟ್ರಿಪ್ ಕತ್ತರಿಸಲು ಶುರುಮಾಡುತ್ತಿದ್ದವು. ಆಗ ಅವಳು ಕನ್ನಡಕದ ಮೇಲಿಂದ ಸುಮ್ಮನೆ ನೋಡುತ್ತಿದ್ದಳು. ಆ ನೋಟ ಇನ್ನೊಂದು ಗಳಿಗೆ ಇರಲಿ ಎಂದು, ಗೊತ್ತಿದ್ದ ಉತ್ತರವನ್ನೂ ನಾನು ಎಷ್ಟೋ ಸಲ ತಡೆದಿಟ್ಟುಕೊಂಡಿದ್ದೇನೆ.

“ಎದುರಿಗಿರೋರನ್ನ ನೋಡಿ ಕರುಳು ಚುರುಕ್ ಅಂದ್ರೆ ಏನ್ ಮಾಡ್ಲಿ?” ಎಂದು ಒಮ್ಮೆ ಕೇಳಿದೆ.

“ಅವರ ಡಾಕ್ಟರಿಗೆ ಫೋನ್ ಮಾಡಿ. ಸಿಗದಿದ್ರೆ ಇನ್ನೊಬ್ಬ ಡಾಕ್ಟರಿಗೆ. ಅವರಿಗೊಂದು ಕುರ್ಚಿ ಕೊಡಿ, ನೀರು ಕೊಡಿ, ಮತ್ತೆ ಫೋನ್ ಮಾಡಿ. ಕರುಣೆ ಅಂದ್ರೆ ಬರೀ ಕತ್ತರಿ ಅಲ್ಲ ಸಾಹೇಬ್ರೇ.”

ಇಷ್ಟು ಹೇಳಿ ಅವಳು ಟವೆಲ್ಲನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದಳು. ಇವಳನ್ನು ಬಿಟ್ಟು ನನಗೆ ಬದುಕಿಲ್ಲ ಅನ್ನಿಸಿದ್ದು ಆಗ.

ಮೊದಲ ಪರೀಕ್ಷೆಯಲ್ಲೇ ಅವಳು ಪಾಸಾದಳು, ನಾನು ಡುಮ್ಕಿ. ಎರಡನೆಯ ಸಲವೂ ಅದೇ ಕತ್ತರಿ ಬುದ್ಧಿ ನನ್ನ ಕೈ ಹಿಡಿದೆಳೆದು ಫೇಲ್ ಮಾಡಿಸಿತು. ಮೂರೇ ಅವಕಾಶ. ಮೂರನೆಯದೂ ಹೋದರೆ ನನ್ನ ಫೈಲ್ ಮುಚ್ಚಿ, ಬಂದ ದಾರಿಗೆ ಸುಂಕವಿಲ್ಲವೆಂದು ಊರಿಗೆ ಹೊರಡಬೇಕು. ಅಷ್ಟರಲ್ಲಿ ಅವಳಿಗೆ ಒಳ್ಳೆಯ ಅಂಗಡಿಯಲ್ಲಿ ಕೆಲಸವಾಗಿ, ಬಿಳಿ ಕೋಟು ಹಾಕಿ ಕೌಂಟರ್ ಹಿಂದೆ ನಿಂತಿದ್ದಳು. ಶಾಂಪೂ ಜೋಡಿಸುವವನು ಯಾವ ಮುಖ ಹೊತ್ತು ಅವಳ ಮುಂದೆ ಬಾಯಿಬಿಡುವುದು? ಲೈಸೆನ್ಸ್ ಕೈಗೆ ಬರುವತನಕ ತುಟಿ ಪಿಟಕ್ ಅನ್ನಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಓದುವುದು ಏನೂ ಉಳಿದಿರದಿದ್ದರೂ ಅವಳು ಕೆಲಸ ಮುಗಿಸಿ ಅದೇ ಟವೆಲ್ ಹಿಡಿದು ಲಾಂಡ್ರಿಗೆ ಬರುತ್ತಲೇ ಇದ್ದಳು. ಯಾಕೆ ಬರುತ್ತಾಳೆ ಅನ್ನುವುದು ಈ ಮಂಕನಿಗೆ ಹೊಳೆಯಲಿಲ್ಲ.

ಮೂರನೆಯ ಪರೀಕ್ಷೆ ಬರೆದೆ. ರಿಸಲ್ಟ್ ಕಾಯುವ ದಿನಗಳಲ್ಲಿ ಮೈ ಕೆಂಡವಾಗುವಂಥ ಜ್ವರ ಬಂತು. ಡಾಕ್ಟರು ಕೊಟ್ಟ ಚೀಟಿ ಹಿಡಿದು, ಕಾಲು ತಾನಾಗಿ ಒಯ್ದ ಕಡೆ ಹೋದೆ. ಕೌಂಟರಿನಲ್ಲಿ ಅವಳೇ ಇದ್ದಳು. ಚೀಟಿ ತೆಗೆದುಕೊಂಡು ಓದಿ, ನನ್ನ ಮುಖ ನೋಡಿ, ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಒಳಗಿದ್ದ ಸೀನಿಯರ್ ಫಾರ್ಮಸಿಸ್ಟ್ ಹತ್ತಿರ ಹೋಗಿ ಏನೋ ಹೇಳಿದಳು. ನರೆಗೂದಲಿನ ಆ ಹೆಂಗಸು ಎದ್ದು ಬಂದು ಔಷಧಿ ತೆಗೆದು, ಲೇಬಲ್ ಅಂಟಿಸಿ, ಊಟವಾದ ಮೇಲೆ ತೆಗೆದುಕೊಳ್ಳಿ ಎಂದರು. ನನ್ನ ಲಾಯರಮ್ಮ ಪಕ್ಕದ ಕೌಂಟರಿನಲ್ಲಿ ಬೇರೆಯವರ ಜೊತೆ ಮಾತಾಡುತ್ತಿದ್ದಳು. ಪೊಟ್ಟಣ ಹಿಡಿದು ಬಾಗಿಲ ಕಡೆ ನಡೆದೆ.

ಅವಳು ಹಿಂದಿನಿಂದ ಬಂದು ಕೆಮ್ಮಿನ ಮಾತ್ರೆಗಳ ಸ್ಟ್ಯಾಂಡಿನ ಹತ್ತಿರ ಅಡ್ಡ ನಿಂತಳು.

“ನನ್ನ ಚೀಟಿ ಮುಟ್ಟೋಕೂ ಆಗಲ್ವಾ ನಿಮಗೆ?” ಎಂದೆ. ಜ್ವರಕ್ಕಿಂತ ಹೆಚ್ಚಾಗಿ ಸಿಟ್ಟು ಮಾತಾಡಿತು.

“ಆಗಲ್ಲ. ಮನೆಯವರಿಗೆ, ಮನಸ್ಸಿಗೆ ಹತ್ತಿರದವರಿಗೆ ಫಾರ್ಮಸಿಸ್ಟ್ ತಾನೇ ಔಷಧಿ ಕೊಡಬಾರ್ದು. ಇನ್ನೊಬ್ಬರ ಕೈಯಲ್ಲಿ ಕೊಡಿಸ್ಬೇಕು. ಅಕ್ಕರೆಯಲ್ಲಿ ಕಣ್ಣು ತಪ್ಪತ್ತೆ ಅಂತ ಆ ನಿಯಮ. ಅದನ್ನ ಓದದೇ ಪರೀಕ್ಷೆಗೆ ಹೋಗಿದ್ರಾ?”

“ಓದಿದೀನಿ. ಆದ್ರೆ ನಾನು ನಿಮಗೆ...”

“ನಿಮ್ಮನ್ನ ಕೇಳ್ತಾ ಕೂತಿದ್ರೆ ಆಗಿತ್ತು. ಇವರು ನಿನಗೆ ಏನಾಗ್ಬೇಕು ಅಂತ ಸೀನಿಯರ್ ಕೇಳಿದ್ರು. ನನ್ನವರು ಅಂದೆ. ಕೆಲಸದಲ್ಲಿ ಸುಳ್ಳು ಹೇಳಿದ್ರೆ ನನ್ನ ಲೈಸೆನ್ಸ್ ಹೋಗತ್ತೆ. ಈಗ ಹೇಳಿ, ನಾನು ಹೇಳಿದ್ದು ಸುಳ್ಳಾ?”

ಅಷ್ಟು ದಿಟ್ಟವಾಗಿ ಕೇಳಿದವಳ ಕೈ ಕೋಟಿನ ಗುಂಡಿಯನ್ನು ತಿರುವುತ್ತಿತ್ತು. ಸುಳ್ಳಲ್ಲ ಎಂದೆ. ರಿಸಲ್ಟ್ ಬಂದ ಮೇಲೆ ಹೇಳೋಣ ಎಂದುಕೊಂಡಿದ್ದೆ ಎಂದೆ. ಬಹಳ ದಿನದಿಂದ ಪ್ರೀತಿಸುತ್ತಿದ್ದೇನೆ ಎಂದೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ.

“ಫೇಲಾದ್ರೆ?” ಎಂದು ಆಮೇಲೆ ಕೇಳಿದೆ.

“ಫೇಲಾದ್ರೂ ನಿಮ್ಮ ಚೀಟಿ ನಾನು ಮುಟ್ಟೋ ಹಾಗಿಲ್ಲ.” ಅವಳ ಕಣ್ಣು ತುಂಬಿತ್ತು. “ಹೋಗು, ಮಲ್ಕೋ.”

ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ಮನೆಗೆ ಹೋಗಿ, ಹೇಳಿದ ಹಾಗೆ ಕೇಳುವ ಮಗುವಿನಂತೆ ಮಲಗಿದೆ.

ರಿಸಲ್ಟ್ ಬಂತು, ಪಾಸಾದೆ. ಅದೊಂದು ಖುಷಿ, ನಿಜ. ಆದರೆ ಅಷ್ಟು ಹೊತ್ತಿಗೆ ನಾನು ಬೇರೊಂದು ಖುಷಿಯಲ್ಲಿದ್ದೆ.

ಎಷ್ಟು ಕಾಲವಾಯಿತು ಇದೆಲ್ಲ ನಡೆದು. ಲಾಂಡ್ರಿ ಇದ್ದ ಕಡೆ ಈಗ ಚಪ್ಪಲಿ ಅಂಗಡಿ ಇದೆ. ಮನೆಯಲ್ಲಿ ಇಬ್ಬಿಬ್ಬರು ಫಾರ್ಮಸಿಸ್ಟ್‌ಗಳಿದ್ದೂ, ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ಚೀಟಿ ಹಿಡಿದು ಪಕ್ಕದ ಬೀದಿಯ ಅಂಗಡಿಯಲ್ಲಿ ಸಾಲು ನಿಲ್ಲುತ್ತೇವೆ. ಅವಳು ನನ್ನ ತೋಳಿಗೆ ಒರಗಿ ನಿಂತಿರುತ್ತಾಳೆ. ಸರದಿ ಬೇಗ ಬರಲಿ ಎಂದು ನಾನು ಇವತ್ತಿನವರೆಗೂ ಬಯಸಿದ್ದಿಲ್ಲ.